ಆರ್ ಅನ್ನೋ ಒಂದು ಅಕ್ಷರ, ಅಪ್ಪನ ಚೋಟು ಪೆನ್ಸಿಲ್

ಹಾಸನದಲ್ಲಿ ಅಪ್ಪನದೊಂದು ಗ್ಯಾರೇಜ್ ಇತ್ತು. ಹೆಚ್ಚಾಗಿ ಬರುತ್ತಿದ್ದದ್ದು ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಮಹೀಂದ್ರ ಜೀಪು. ಹಳೇ ಗಾಡಿ ಕೊಳ್ಳುವವರು ದುಡ್ಡು ಕೊಡುವ ಮುಂಚೆ ಅಪ್ಪನ ಹತ್ತಿರ ತಂದು ತೋರಿಸುತ್ತಿದ್ದರು. ಅಪ್ಪ ಎಂಜಿನ್ ಸ್ಟಾರ್ಟ್ ಮಾಡಿಸುವ ಮೊದಲೇ ಒಂದು ತೆಳು ಕಾಗದ, ಒಂದು ಚೋಟು ಪೆನ್ಸಿಲ್ ಹಿಡಿದು ಗಾಡಿ ಹತ್ತಿರ ಬಗ್ಗುತ್ತಿದ್ದರು. ಚಾಸಿಸ್ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ಲಿನಿಂದ ಉಜ್ಜಿದರೆ ನಂಬರ್ ಹಾಗೇ ಮೂಡಿ ಬರುತ್ತಿತ್ತು. ಆರ್‌ಟಿಓಗೆ ಆ ಅಚ್ಚು ಬೇಕೇ ಬೇಕು. ಆದರೆ ಅಪ್ಪ ಯಾವಾಗಲೂ ಎರಡು ಅಚ್ಚು ತೆಗೆಯುತ್ತಿದ್ದರು. "ಒಂದು ಆರ್‌ಟಿಓಗೆ, ಇನ್ನೊಂದು ನಮಗೆ" ಅನ್ನುತ್ತಿದ್ದರು. ಎರಡನೆಯದು ಗ್ಯಾರೇಜಿನ ಉದ್ದ ನೋಟ್‌ಬುಕ್ಕಿಗೆ ಅಂಟುತ್ತಿತ್ತು. ಅದೇ ಗಾಡಿ ನಾಲ್ಕು ವರ್ಷ ಬಿಟ್ಟು ಬೇರೆಯವರ ಕೈಯಲ್ಲಿ ಬಂದರೆ ಅಪ್ಪ ಪುಟ ತಿರುವಿ ಹೋಲಿಸಿ ನೋಡುತ್ತಿದ್ದರು.

ಈಗ ನಾನಿರುವುದು ಅಮೆರಿಕದ ಮಿಷಿಗನ್‌ನಲ್ಲಿ. ಕಾರುಗಳ ಊರು ಡೆಟ್ರಾಯಿಟ್‌ಗೆ ನಮ್ಮ ಮನೆಯಿಂದ ಅರ್ಧ ಗಂಟೆ. ಪ್ರತಿ ವರ್ಷ ಆಗಸ್ಟ್ ತಿಂಗಳ ಮೂರನೇ ಶನಿವಾರ ವುಡ್‌ವರ್ಡ್ ಅವೆನ್ಯೂದಲ್ಲಿ ಡ್ರೀಮ್ ಕ್ರೂಸ್ ಅಂತ ನಡೆಯುತ್ತದೆ. 1995ರಲ್ಲಿ ಶುರುವಾದದ್ದು. ಹಳೇ ಕಾರುಗಳು ಸಾಲುಗಟ್ಟಿ ಮೈಲಿಗಟ್ಟಲೆ ಹೋಗುತ್ತವೆ. ನಮ್ಮೂರ ತೇರಿನ ದಿನ ರಸ್ತೆ ಪಕ್ಕ ಜನ ಹೇಗೆ ಚಾಪೆ ಹಾಸಿ ಕೂತಿರುತ್ತಾರೋ, ಇಲ್ಲಿ ಹಾಗೇ ಮಡಚೋ ಕುರ್ಚಿ ಹಾಕಿ ಕೂತಿರುತ್ತಾರೆ. ನಾನು ಹದಿನೈದು ವರ್ಷ ಆ ಕುರ್ಚಿಯಲ್ಲಿ ಕೂತು ನೋಡಿದ್ದೇನೆ. ಅಷ್ಟೂ ವರ್ಷ ಕಣ್ಣು ಹುಡುಕುತ್ತಿದ್ದದ್ದು ಒಂದೇ ಕಾರನ್ನು: 1969ರ ಫೋರ್ಡ್ ಮಸ್ಟಾಂಗ್ ಮ್ಯಾಕ್ 1. ಚಿಕ್ಕವನಿದ್ದಾಗ ಅಪ್ಪನ ಜೊತೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಸ್ಪೇರ್ ಪಾರ್ಟ್ಸ್ ತರಲು ಹೋಗುತ್ತಿದ್ದೆ. ಅಲ್ಲೊಂದು ಅಂಗಡಿಯ ಗೋಡೆ ಮೇಲೆ ಹಳೇ ಕ್ಯಾಲೆಂಡರ್ ಇತ್ತು. ಬಾನೆಟ್ ಮಧ್ಯೆ ಕಪ್ಪು ಬಣ್ಣ, ಅದರಲ್ಲೊಂದು ತೂತು, ತೂತಿನಿಂದ ಎದ್ದು ನಿಂತ, ಎಂಜಿನ್ನಿಗೆ ಗಾಳಿ ಎಳೆಯುವ ಗಾಳಿಗೂಡು. ಆ ಚಿತ್ರ ಇವತ್ತಿಗೂ ಕಣ್ಣಲ್ಲಿದೆ.

ಎರಡು ವರ್ಷದ ಹಿಂದೆ, ಇನ್ನು ಕೊಂಡೇ ಬಿಡೋಣ ಅಂತ ಮನಸ್ಸು ಗಟ್ಟಿ ಮಾಡಿದೆ. ಬೇಕಾಗಿದ್ದದ್ದು ಸುಮ್ನೆ ಒಂದು ಮ್ಯಾಕ್ 1 ಅಲ್ಲ. 428 ಕೋಬ್ರಾ ಜೆಟ್ ಎಂಜಿನ್ ಇರುವ ಮ್ಯಾಕ್ 1. ಫೋರ್ಡ್ ಆ ಎಂಜಿನ್ನನ್ನು ಮಸ್ಟಾಂಗ್‌ಗೆ ತಂದದ್ದು 1968ರ ಏಪ್ರಿಲ್‌ನಲ್ಲಿ. 428 ಕ್ಯೂಬಿಕ್ ಇಂಚು, ಅಂದರೆ ನಮ್ಮ ಲೆಕ್ಕದಲ್ಲಿ ಏಳು ಲೀಟರ್. ಕಂಪನಿ ಕಾಗದದ ಮೇಲೆ 335 ಹಾರ್ಸ್‌ಪವರ್ ಅಂತ ಬರೆಯಿತು. ನಿಜಕ್ಕೂ ಅದಕ್ಕಿಂತ ಜಾಸ್ತಿ ಇತ್ತು ಅಂತ ಓಡಿಸಿದವರೆಲ್ಲ ಹೇಳುತ್ತಾರೆ. 1969ರಲ್ಲಿ 72,000ಕ್ಕೂ ಹೆಚ್ಚು ಮ್ಯಾಕ್ 1 ತಯಾರಾದವು. ಹೆಚ್ಚಿನವಕ್ಕೆ ಕೂರಿಸಿದ್ದು 351 ಎಂಜಿನ್. ಕೋಬ್ರಾ ಜೆಟ್ ಸಿಕ್ಕಿದ್ದು ಸಣ್ಣ ಪಾಲಿಗೆ.

ತೊಂದರೆ ಇರುವುದೇ ಇಲ್ಲಿ. 351 ಇದ್ದ ಕಾರಿಗೆ 428 ಎಂಜಿನ್ ಕೂರಿಸಿ, ಬಾನೆಟ್ಟಿಗೆ ಗಾಳಿಗೂಡು ಹಾಕಿ, ಪಟ್ಟಿ ಅಂಟಿಸಿದರೆ ಹತ್ತು ಅಡಿ ದೂರದಿಂದ ಯಾರಿಗೂ ಗೊತ್ತಾಗುವುದಿಲ್ಲ. ಈ ಕಾರಿನ ಬಹುತೇಕ ಎಲ್ಲ ಬಿಡಿ ಭಾಗವನ್ನೂ ಇವತ್ತಿಗೂ ಹೊಸದಾಗಿ ಮಾಡಿ ಮಾರುತ್ತಾರೆ. ಅಸಲಿಗೂ ಹೀಗೆ ಮಾಡಿದ್ದಕ್ಕೂ ಬೆಲೆಯಲ್ಲಿ ಹತ್ತಾರು ಸಾವಿರ ಡಾಲರ್ ಅಂತರ. ಹಾಗೆ ಮಾಡಿದ ಕಾರು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಹಾಗೆ ಮಾಡಿದ್ದು ಅಂತಲೇ ಹೇಳಿ ಮಾರಿದರೆ ಅದು ಒಳ್ಳೆಯ ಕಾರೇ. ಹೇಳದೆ ಮಾರಿದರೆ ಮೋಸ.

ನನಗೆ ಈ ದಾರಿ ತೋರಿಸಿದವರು ನಮ್ಮ ಕನ್ನಡ ಬಳಗದ ಒಬ್ಬ ಹಿರಿಯರು. ಎಪ್ಪತ್ತರ ದಶಕದಲ್ಲಿ ಮೈಸೂರಿನಿಂದ ಬಂದವರು, ಎಂಜಿನ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ನಾವೆಲ್ಲ ಅವರನ್ನು ರಾಯರು ಅಂತಲೇ ಕರೆಯುತ್ತೇವೆ. ವಿಷಯ ಹೇಳಿದ ತಕ್ಷಣ ಅವರು ಕೇಳಿದ ಮೊದಲ ಪ್ರಶ್ನೆ, "ಐದನೇ ಜಾಗದಲ್ಲಿ ಯಾವ ಅಕ್ಷರ ಇದೆಯಪ್ಪಾ?"

1969ರ ಮಸ್ಟಾಂಗ್‌ನ ಚಾಸಿಸ್ ನಂಬರನ್ನು ಓದುವುದು ಕಷ್ಟವಲ್ಲ. ಮುಂದಿನ ಗಾಜಿನ ಒಳಗೆ, ಡ್ಯಾಶ್‌ಬೋರ್ಡ್ ಮೇಲೆ, ಡ್ರೈವರ್ ಬದಿಗೆ ಒಂದು ಪುಟ್ಟ ತಗಡಿನ ಮೇಲಿರುತ್ತದೆ. ಮೊದಲ ಅಂಕಿ 9 ಅಂದರೆ 1969. ಆಮೇಲೆ ಕಾರ್ಖಾನೆಯ ಅಕ್ಷರ: ಎಫ್ ಅಂದರೆ ಡಿಯರ್‌ಬಾರ್ನ್, ಆರ್ ಅಂದರೆ ಸ್ಯಾನ್ ಹೊಸೆ, ಟಿ ಅಂದರೆ ಮೆಟಚನ್. ನಂತರ 02, ಅಂದರೆ ಹಿಂದಕ್ಕೆ ಇಳಿಜಾರಾದ ಮಾಡಿನ ಬಾಡಿ. ಅದಾದ ಮೇಲೆ ಎಂಜಿನ್ ಅಕ್ಷರ. ಎಚ್ ಅಥವಾ ಎಂ ಇದ್ದರೆ 351. ಎಸ್ ಇದ್ದರೆ 390. ಕ್ಯೂ ಇದ್ದರೆ ಗಾಳಿಗೂಡಿಲ್ಲದ ಕೋಬ್ರಾ ಜೆಟ್. ಆರ್ ಇದ್ದರೆ ಗಾಳಿಗೂಡಿರುವ ಕೋಬ್ರಾ ಜೆಟ್. ಕೊನೆಗೆ ಆರು ಅಂಕಿಯ ಸರಣಿ ಸಂಖ್ಯೆ. ಅಂಕಿ ಲೆಕ್ಕದಲ್ಲಿ 02 ಎರಡು ಜಾಗ ತಿನ್ನುವುದರಿಂದ ಎಂಜಿನ್ ಅಕ್ಷರ ಬರುವುದು ಐದನೇ ಜಾಗದಲ್ಲಿ. ಅಷ್ಟೂ ದುಡ್ಡಿನ ಅಂತರ ಆ ಒಂದು ಅಕ್ಷರದಲ್ಲಿದೆ. ಇನ್ನೊಂದು ಮಾತು. ಈ ನಂಬರಿನಲ್ಲಿ ಕಾರು ಮ್ಯಾಕ್ 1 ಹೌದೋ ಅಲ್ಲವೋ ಅನ್ನುವುದು ಇರುವುದಿಲ್ಲ. ಅದು ಇರುವುದು ಬಾಗಿಲಿನ ತಗಡಿನಲ್ಲಿ, 63ಸಿ ಅನ್ನೋ ಬಾಡಿ ಕೋಡ್ ಆಗಿ.

ಮೊದಲ ಕಾರು ಒಹಾಯೋದಲ್ಲಿತ್ತು. ಜಾಹೀರಾತಿನಲ್ಲಿ "428 ಮ್ಯಾಕ್ 1" ಅಂತ ದಪ್ಪ ಅಕ್ಷರದಲ್ಲಿತ್ತು. ಫೋಟೋದಲ್ಲಿ ನಂಬರಿನ ತಗಡು ಮಾತ್ರ ಬೆಳಕು ಬಿದ್ದು ಮಸುಕಾಗಿತ್ತು. ಎರಡೂವರೆ ಗಂಟೆ ಕಾರು ಓಡಿಸಿಕೊಂಡು ಹೋಗಿ ಗಾಜಿನಾಚೆಯಿಂದ ಇಣುಕಿದೆ. 9, ಎಫ್, 02, ಎಂ. ಅಲ್ಲಿಗೆ ಮುಗಿಯಿತು. ಮಾರುವವರು, "428 ಇದೆ ಅಂದೆ ಅಷ್ಟೇ, ಹುಟ್ಟಿದಾಗಿನಿಂದ ಇದೆ ಅಂದೆನಾ?" ಅಂದರು. ಮನೆಗೆ ಬಂದಾಗ ನನ್ನವಳು, "ಇಷ್ಟು ದೂರ ಹೋಗೋ ಮುಂಚೆ ಆ ಒಂದು ಅಕ್ಷರ ಫೋನಲ್ಲೇ ಕೇಳಬಾರದಿತ್ತಾ ರೀ?" ಅಂದಳು. ಅವಳು ಹೇಳಿದ್ದು ಸರಿ. ಅಂದಿನಿಂದ ಪೂರ್ತಿ ನಂಬರ್ ಕೊಡದವರ ಕಾರು ನೋಡಲು ನಾನು ಮನೆ ಬಿಟ್ಟಿಲ್ಲ.

ನಂಬರ್ ಸಿಕ್ಕ ಮೇಲೆ ಮಾಡಬೇಕಾದ ಮೊದಲ ಕೆಲಸ ಮಾರ್ಟಿ ರಿಪೋರ್ಟ್ ತರಿಸುವುದು. ಸಾಮಾನ್ಯ ಸೆಕೆಂಡ್ ಹ್ಯಾಂಡ್ ಕಾರಿಗೆ ಇಲ್ಲಿ ನಂಬರ್ ಹಾಕಿದರೆ ಅಪಘಾತ, ಮಾಲೀಕರ ಚರಿತ್ರೆ ಎಲ್ಲ ಬರುತ್ತದೆ. ಹಳೇ ಕಾರಿಗೆ ಆ ದಾರಿ ಇಲ್ಲ. 17 ಅಕ್ಷರದ ನಂಬರ್ ಪದ್ಧತಿ ಬಂದದ್ದೇ 1981ರಲ್ಲಿ. ಅದಕ್ಕೆ ಮುಂಚಿನ ಕಾರುಗಳ ನಂಬರ್ ಅವರ ಕಂಪ್ಯೂಟರ್‌ಗೆ ಅರ್ಥವಾಗುವುದಿಲ್ಲ. ಆದರೆ ಫೋರ್ಡ್ ಕಾರುಗಳಿಗೆ ಒಂದು ಪುಣ್ಯವಿದೆ. 1967ರಿಂದ ಮುಂದಿನ ಕಾರುಗಳ ತಯಾರಿಕೆಯ ದಾಖಲೆ ಫೋರ್ಡ್‌ನಲ್ಲಿ ಉಳಿದಿತ್ತು. ಅದನ್ನು ಬಳಸುವ ಪರವಾನಗಿ ಪಡೆದವರು ಅರಿಜೋನಾದ ಕೆವಿನ್ ಮಾರ್ಟಿ. ದುಡ್ಡು ಕಟ್ಟಿ ನಂಬರ್ ಕಳಿಸಿದರೆ ಆ ಕಾರು ಯಾವ ಎಂಜಿನ್, ಯಾವ ಗೇರ್‌ಬಾಕ್ಸ್, ಯಾವ ಬಣ್ಣ, ಯಾವ ಸೀಟಿನ ಬಟ್ಟೆಯೊಂದಿಗೆ ಹುಟ್ಟಿತು ಅನ್ನುವುದು ಬರುತ್ತದೆ. ಸ್ವಲ್ಪ ಜಾಸ್ತಿ ಕೊಟ್ಟರೆ ಯಾವತ್ತು ತಯಾರಾಯಿತು, ಯಾವ ಡೀಲರ್ ಹತ್ತಿರ ಹೋಯಿತು ಅನ್ನುವುದೂ ಸಿಗುತ್ತದೆ.

ಷೆವರ್ಲೆ ಪ್ರಿಯರಿಗೆ ಈ ಅನುಕೂಲ ಇಲ್ಲ, ಅವರನ್ನು ನೆನೆದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. 1969ರ ಕಮಾರೋ ನಂಬರಿನಲ್ಲಿ ಅದು ವಿ8 ಅನ್ನುವುದು ತಿಳಿಯುತ್ತದೆಯೇ ಹೊರತು ಝಡ್/28 ಅನ್ನೋ ವೇಗದ ಮಾದರಿ ಹೌದೋ ಅಲ್ಲವೋ ತಿಳಿಯುವುದಿಲ್ಲ. ಅಮೆರಿಕದಲ್ಲಿ ಮಾರಾಟವಾದ ಕಾರುಗಳ ಒಂದೊಂದರ ದಾಖಲೆ ಕಂಪನಿಯಲ್ಲಿ ಸಿಗುವುದಿಲ್ಲ. ಕೆನಡಾದಲ್ಲಿ ಮಾರಾಟವಾದದ್ದಕ್ಕೆ ಮಾತ್ರ ಷೆವರ್ಲೆಯ ಮಾತೃ ಕಂಪನಿ ಜಿಎಂನ ಕೆನಡಾ ಶಾಖೆಯಲ್ಲಿ ಕಾಗದ ಸಿಗುತ್ತದೆ. ಪಾಂಟಿಯಾಕ್‌ನವರಿಗೆ ಪಿಎಚ್‌ಎಸ್ ಅಂತ ಒಂದು ಸಂಸ್ಥೆ ಇದೆ, ಅವರು ಕಾರ್ಖಾನೆಯ ಹಳೇ ಬಿಲ್ಲಿನ ಪ್ರತಿಯನ್ನೇ ಕೊಡುತ್ತಾರೆ.

ಎರಡನೇ ಕಾರಿನ ಅಕ್ಷರ ಆರ್. ಮಾರ್ಟಿ ರಿಪೋರ್ಟ್ ತರಿಸಿದೆ. ಕೋಬ್ರಾ ಜೆಟ್, ಮ್ಯಾಕ್ 1, ಬಿಳಿ ಬಣ್ಣ, ಎಲ್ಲ ಸರಿಯಾಗಿತ್ತು. ಕಾರು ಹೊಳೆಯುತ್ತಿತ್ತು. ಅರ್ಧ ದುಡ್ಡು ಕೈಯಲ್ಲಿ ಹಿಡಿದುಕೊಂಡೇ ಹೋಗಿದ್ದೆ ಅಂದರೆ ನನ್ನ ಆತುರ ಅರ್ಥವಾಗುತ್ತದೆ. ರಾಯರು ಜೊತೆಗೆ ಬಂದಿದ್ದರು. ಅವರು ಬಣ್ಣ ನೋಡಲಿಲ್ಲ. "ರಿಪೋರ್ಟ್ ನಂಬರಿಗೆ ಬಂದಿದೆ. ಕಾರಿಗೆ ಬಂದಿಲ್ಲ" ಅಂದರು. ಮೊದಲು ನನಗೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ನುಜ್ಜುಗುಜ್ಜಾಗಿ ಗುಜರಿಗೆ ಹೋದ ಅಸಲಿ ಕಾರಿನ ತಗಡು, ಕಾಗದ ಯಾರೋ ಕೊಂಡು ಬೇರೆ ಸಾಧಾರಣ ಮಸ್ಟಾಂಗ್‌ಗೆ ಹಾಕಿದ್ದರೆ? ಆಗಲೂ ರಿಪೋರ್ಟ್ ಸರಿಯಾಗೇ ಬರುತ್ತದೆ. ಬಾಗಿಲಿನ ತಗಡನ್ನಂತೂ ಹೊಸದಾಗಿ ಅಚ್ಚು ಹಾಕಿ ಕೊಡುವವರೇ ಇದ್ದಾರೆ. ಅದಕ್ಕೇ ಬಾಡಿಯ ಮೈಮೇಲೇ ಹೊಡೆದ ನಂಬರ್ ನೋಡಬೇಕು.

ಆ ನಂಬರ್ ಇರುವುದು ಬಾನೆಟ್ ಎತ್ತಿದರೆ ಕಾಣುವ ಒಳಗಿನ ತಗಡಿನ ಮೇಲಂಚಿನಲ್ಲಿ, ಅರ್ಧಕ್ಕರ್ಧ ಮಡ್‌ಗಾರ್ಡ್ ಅಡಿ ಮುಚ್ಚಿಕೊಂಡು. ಪೂರ್ತಿ ನೋಡಬೇಕಾದರೆ ಮಡ್‌ಗಾರ್ಡಿನ ಬೋಲ್ಟ್ ಸಡಿಲ ಮಾಡಿ ಒಂದು ಇಂಚು ಎತ್ತಬೇಕು. ಮಾರುವವರು ಒಪ್ಪಿದರು. ಟಾರ್ಚ್ ಬಿಟ್ಟು ನೋಡಿದೆ, ನಂಬರ್ ಡ್ಯಾಶ್‌ಬೋರ್ಡ್ ನಂಬರಿಗೆ ಸರಿಹೊಂದಿತ್ತು. ನಾನು ನಿಟ್ಟುಸಿರು ಬಿಟ್ಟೆ. ಆದರೆ ಕೈ ಸುಮ್ಮನಿರಲಿಲ್ಲ. ಜೇಬಿನಲ್ಲಿ ತೆಳು ಕಾಗದ ಇತ್ತು. ಚೋಟು ಪೆನ್ಸಿಲ್ ಇತ್ತು. ಹಾಸನದ ಅಭ್ಯಾಸ. ಇಕ್ಕಟ್ಟಿನಲ್ಲಿ ಎರಡು ಬೆರಳು ತೂರಿಸಿ ಅಚ್ಚು ತೆಗೆದೆ.

ಕಾಗದವನ್ನು ಬೆಳಕಿಗೆ ಹಿಡಿದಾಗ ಕಣ್ಣಿಗೆ ಕಾಣದ್ದು ಕಂಡಿತು. ಅಂಕಿಗಳ ಸಾಲು ನೆಟ್ಟಗಿರಲಿಲ್ಲ. ಎರಡು ಅಂಕಿ ಉಳಿದವಕ್ಕಿಂತ ಎತ್ತರ. ಅಂಕಿಗಳ ಹಿಂದೆ ಒಂದೇ ದಿಕ್ಕಿಗೆ ಎಳೆದ ಸಣ್ಣ ಸಣ್ಣ ಗೀರು, ಗ್ರೈಂಡರ್ ಆಡಿಸಿದ ಗುರುತು. ಬಣ್ಣದ ಅಡಿ ಮುಚ್ಚಿಹೋಗಿದ್ದನ್ನು ಪೆನ್ಸಿಲ್ ಎತ್ತಿ ತೋರಿಸಿತ್ತು. ಆಮೇಲೆ ರಾಯರು ಆ ತಗಡು ಬಾಡಿಗೆ ಸೇರುವ ಅಂಚನ್ನು ನೋಡಿದರು. ಕಾರ್ಖಾನೆಯಲ್ಲಿ ಎರಡು ತಗಡನ್ನು ಒತ್ತಿ ಮಾಡಿದ ಸ್ಪಾಟ್ ವೆಲ್ಡ್ ಆದರೆ ಸಾಲಾಗಿ ಪುಟ್ಟ ದುಂಡನೆಯ ತಗ್ಗು ಇರುತ್ತದೆ. ಇಲ್ಲಿ ತೂತು ಕೊರೆದು ತುಂಬಿಸಿ ಉಜ್ಜಿದ ವೆಲ್ಡಿಂಗ್. ರಾಯರು ಕನ್ನಡದಲ್ಲೇ, "ನಡಿಯಪ್ಪಾ, ಹೊರಡೋಣ" ಅಂದರು.

ನಂಬರ್ ಅಳಿಸುವುದು, ತಿದ್ದುವುದು ಇಲ್ಲಿ ಕೇಂದ್ರ ಸರ್ಕಾರದ ಕಾನೂನಿನಡಿ ಅಪರಾಧ. ಅಂಥ ಕಾರು ಕೊಂಡರೆ ದುಡ್ಡು ಹೋಗುವುದಲ್ಲದೆ ಕಾರನ್ನೇ ಪೊಲೀಸರು ತಗೊಂಡು ಹೋಗಬಹುದು. ಮಾರುತ್ತಿದ್ದವರು ಅದನ್ನು ಮಾಡಿದವರಲ್ಲದೇ ಇರಬಹುದು. ಅವರಿಗೂ ಯಾರೋ ಹಾಗೇ ಮಾರಿರಬಹುದು. ನಾವು ಕಂಡದ್ದನ್ನು ಅವರಿಗೆ ಹೇಳಿ, ಅಚ್ಚಿನ ಫೋಟೋ ಕೊಟ್ಟು ಬಂದೆವು. ದಾರಿಯುದ್ದಕ್ಕೂ ನಾನು ಮಾತಾಡಲಿಲ್ಲ. ಕಾರು ತಪ್ಪಿತು ಅನ್ನುವುದಕ್ಕಿಂತ, ಆ ಅಸಲಿ ಬಿಳಿ ಮಸ್ಟಾಂಗ್ ಎಲ್ಲಿ ಹಾಳಾಗಿ ಹೋಯಿತೋ ಅನ್ನುವ ಸಂಕಟ.

ಎಂಟು ತಿಂಗಳು ಏನೂ ಸಿಗಲಿಲ್ಲ.

ಮೂರನೆಯದು ಸಿಕ್ಕಿದ್ದು ಗ್ರ್ಯಾಂಡ್ ರ‍್ಯಾಪಿಡ್ಸ್ ಹತ್ತಿರದ ಒಂದು ಹಳ್ಳಿಯಲ್ಲಿ. ಮಾರುತ್ತಿದ್ದವರು ಎಪ್ಪತ್ತು ದಾಟಿದ ನಿವೃತ್ತ ಶಿಕ್ಷಕಿ. ಕಾರು ಅವರ ತೀರಿಕೊಂಡ ಅಣ್ಣನದು. ಅಣ್ಣ 1974ರಲ್ಲಿ ಕೊಂಡು ಹತ್ತು ವರ್ಷ ಓಡಿಸಿ, ಆಮೇಲೆ ಕೊಟ್ಟಿಗೆಯಲ್ಲಿ ನಿಲ್ಲಿಸಿದ್ದರಂತೆ. ಫೋನಿನಲ್ಲಿ ನಂಬರ್ ಕೇಳಿದೆ. ಆಕೆ ಕನ್ನಡಕ ಹುಡುಕಿಕೊಂಡು ಹೋಗಿ ಒಂದೊಂದೇ ಅಕ್ಷರ ಓದಿದರು. 9. ಎಫ್. 0. 2. ಆರ್. ನನ್ನ ಎದೆ ಹೊಡೆದುಕೊಂಡದ್ದು ಅವರಿಗೂ ಕೇಳಿಸಿರಬೇಕು.

ರಿಪೋರ್ಟ್ ಬಂತು. 1969ರ ಫೆಬ್ರವರಿಯಲ್ಲಿ ಡಿಯರ್‌ಬಾರ್ನ್‌ನಲ್ಲಿ ತಯಾರಾದ ಕಾರು. ನಮ್ಮ ಮನೆಯಿಂದ ಇಪ್ಪತ್ತು ಮೈಲಿ ದೂರದ ರೂಜ್ ಕಾರ್ಖಾನೆಯ ಆವರಣದಲ್ಲಿ. ಕೋಬ್ರಾ ಜೆಟ್, ನಾಲ್ಕು ಗೇರಿನ ಮ್ಯಾನ್ಯುಯಲ್, ಮಿಷಿಗನ್‌ನ ಡೀಲರ್‌ಗೇ ಹೋಗಿತ್ತು. ಬಣ್ಣದ ಕೋಡ್ ಸಿ, ಅಂದರೆ ಬ್ಲ್ಯಾಕ್ ಜೇಡ್, ಹೆಚ್ಚುಕಡಿಮೆ ಕಪ್ಪು ಅನ್ನುವಷ್ಟು ಕಡು ಹಸಿರು. ಆದರೆ ಫೋಟೋದಲ್ಲಿ ಕಾರು ಕೆಂಪಗಿತ್ತು.

ಮೇ ತಿಂಗಳ ಒಂದು ಶನಿವಾರ ಬೆಳಿಗ್ಗೆ ರಾಯರು, ನಾನು ಹೋದೆವು. ಜಾಕ್, ಸ್ಟ್ಯಾಂಡ್, ಉದ್ದ ಬಾಲದ ಕ್ಯಾಮೆರಾ, ಹಲ್ಲಿನ ಡಾಕ್ಟರ್ ಬಳಸುವಂಥ ಕನ್ನಡಿ, ವೈರ್ ಬ್ರಷ್, ಸೀಮೆಎಣ್ಣೆ, ಮ್ಯಾಗ್ನೆಟ್ ಎಲ್ಲ ಡಿಕ್ಕಿಯಲ್ಲಿತ್ತು. ಆಕೆ ಕಾಫಿ ಮಾಡಿಟ್ಟು, "ಏನು ಬಿಚ್ಚಬೇಕೋ ಬಿಚ್ಚಿ, ಮತ್ತೆ ಕೂರಿಸಿ, ಅಷ್ಟೇ" ಅಂದರು.

ಮೊದಲು ಮಡ್‌ಗಾರ್ಡ್. ಬೋಲ್ಟುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಎಣ್ಣೆ ಬಿಟ್ಟು ಒಂದು ಗಂಟೆ ಕಾಯಬೇಕಾಯಿತು. ಆ ತುಕ್ಕು ನೋಡಿ ನನಗೆ ಸಮಾಧಾನವೇ ಆಯಿತು. ಅಷ್ಟು ವರ್ಷ ಅದನ್ನು ಯಾರೂ ಮುಟ್ಟಿಲ್ಲ ಅಂತ ಅರ್ಥ ಅಲ್ವಾ? ಎತ್ತಿ ಅಚ್ಚು ತೆಗೆದೆ. ಅಂಕಿಗಳು ಒಂದೇ ಎತ್ತರ, ಒಂದೇ ಆಳ, ಸುತ್ತಲಿನ ತಗಡು ನುಣ್ಣಗೆ. ಅಂಚಿನಲ್ಲಿ ದುಂಡನೆಯ ಸ್ಪಾಟ್ ವೆಲ್ಡಿನ ಸಾಲು. ಅದೇ ಸಂದಿಯಲ್ಲಿ, ಕೆಂಪು ಬಣ್ಣ ತಲುಪದ ಜಾಗದಲ್ಲಿ, ಕಡು ಹಸಿರು ಕಂಡಿತು. ರಾಯರು ಬಾಗಿಲ ಹಿಂಜಿನ ಹಿಂದೆ, ಡ್ಯಾಶ್‌ಬೋರ್ಡ್ ಅಡಿ ಟಾರ್ಚ್ ಹಾಕಿದರು. ಅಲ್ಲೂ ಹಸಿರೇ. ಕಾಗದ ಹೇಳಿದ್ದನ್ನೇ ಕಾರಿನ ಮೈಯೂ ಹೇಳಿತು.

ಆಮೇಲೆ ಕೆಳಗೆ ಮಲಗಿದೆ. ಮಿಷಿಗನ್‌ನ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಹಳೇ ಕಾರುಗಳನ್ನು ತಿನ್ನುವುದು ಅದೇ. ನೆಲದ ತಗಡಿನಲ್ಲಿ ಎರಡು ಕಡೆ ಬೆರಳು ಹೋಗುವಷ್ಟು ತೂತು. ಗಾಜಿನ ಕೆಳಗಿನ ಗಾಳಿ ಬರುವ ಪೆಟ್ಟಿಗೆಯಲ್ಲೂ ತುಕ್ಕು ಹಿಡಿದಿತ್ತು. ಈ ಕಾರುಗಳೆಲ್ಲ ಅಲ್ಲೇ ಸೋರುತ್ತವೆ. ಇವೆಲ್ಲ ಟಿಂಕರಿಂಗ್ ಮಾಡಿಸಬಹುದಾದ ಗಾಯ. ನಾನು ಹುಡುಕುತ್ತಿದ್ದದ್ದು ಹಿಂದಿನ ಶಾಕ್ ಅಬ್ಸಾರ್ಬರ್. ನಾಲ್ಕು ಗೇರಿನ ಕೋಬ್ರಾ ಜೆಟ್‌ಗಳಲ್ಲಿ ಅವೆರಡನ್ನೂ ಒಂದೇ ಕಡೆ ಕೂರಿಸುತ್ತಿರಲಿಲ್ಲ. ಒಂದು ಆಕ್ಸಲ್‌ನ ಮುಂದೆ, ಇನ್ನೊಂದು ಹಿಂದೆ. ಒಮ್ಮೆಲೇ ಗೇರ್ ಹಾಕಿ ಬಿಟ್ಟರೆ ಹಿಂದಿನ ಚಕ್ರ ಕುಪ್ಪಳಿಸದಿರಲಿ ಅಂತ ಮಾಡಿದ ಏರ್ಪಾಡು. 351 ಕಾರನ್ನು ಬದಲಿಸುವವರು ಎಷ್ಟೋ ಸಲ ಇದನ್ನು ಮರೆಯುತ್ತಾರೆ, ಯಾಕೆಂದರೆ ಅದಕ್ಕೆ ನೆಲದ ತಗಡನ್ನೇ ಕತ್ತರಿಸಬೇಕು. ಇಲ್ಲಿ ಒಂದು ಮುಂದೆ, ಒಂದು ಹಿಂದೆ ಇತ್ತು. ಗೇರ್‌ಬಾಕ್ಸಿನ ಮೇಲೆ ಗ್ರೀಸ್ ಒಂದು ಬೆರಳು ದಪ್ಪ. ಸೀಮೆಎಣ್ಣೆಯಲ್ಲಿ ಉಜ್ಜಿದ ಮೇಲೆ 9, ಎಫ್, ಆಮೇಲೆ ಅದೇ ಆರು ಅಂಕಿ. ಸರಿಹೊಂದಿತು.

ಇನ್ನು ಎಂಜಿನ್. ಫೋರ್ಡ್ ಎರಕದ ಗುರುತುಗಳನ್ನು ರಾಯರು ಪಂಚಾಂಗದ ಹಾಗೆ ಓದುತ್ತಾರೆ. ಹೆಡ್, ಅಂದರೆ ಸಿಲಿಂಡರುಗಳ ಮೇಲೆ ಕೂರುವ ಮುಚ್ಚಳದಂಥ ಭಾಗ, ಅದರ ಮೇಲೆ ಸಿ8ಓಇ, ಎನ್ ಅಂತಿತ್ತು. ಸಿ ಅಂದರೆ ಅರವತ್ತರ ದಶಕ, 8 ಅಂದರೆ 1968ರಲ್ಲಿ ರೂಪಿಸಿದ್ದು. ಕೋಬ್ರಾ ಜೆಟ್‌ನ ಹೆಡ್ ಅದೇ. ಎರಕದ ದಿನಾಂಕ 9ಎ22, ಅಂದರೆ 1969ರ ಜನವರಿ 22. ಅಕ್ಷರ ಎ ಜನವರಿ, ಬಿ ಫೆಬ್ರವರಿ, ಹೀಗೇ ಎಂ ವರೆಗೆ. ಮಧ್ಯದಲ್ಲಿ ಐ ಅಕ್ಷರ ಬಿಟ್ಟಿದ್ದಾರೆ, ಅದು ಒಂದು ಅನ್ನುವ ಅಂಕಿಯ ಹಾಗೆ ಕಾಣುತ್ತದೆ. ಕಾರು ಹುಟ್ಟಿದ್ದು ಫೆಬ್ರವರಿ, ಹೆಡ್ ಎರಕ ಹೊಯ್ದದ್ದು ಜನವರಿ. ಲೆಕ್ಕ ಸರಿ. ಭಾಗ ಕಾರಿಗಿಂತ ಕೆಲವು ವಾರ ಹಿರಿಯದಾಗಿರಬೇಕು. ಕಿರಿಯದಾಗಿದ್ದರೆ ಅದು ಆಮೇಲೆ ಬಂದದ್ದು.

ಆಮೇಲೆ ಬ್ಲಾಕ್, ಅಂದರೆ ಸಿಲಿಂಡರುಗಳಿರುವ ಎಂಜಿನ್ನಿನ ಮುಖ್ಯ ಮೈ. ಅದರ ಪಕ್ಕದಲ್ಲಿ ಉಜ್ಜಿದಾಗ ಸಿಕ್ಕಿದ್ದು 0ಸಿ17. ಇಬ್ಬರೂ ಒಂದು ನಿಮಿಷ ಸುಮ್ಮನಾದೆವು. 1970ರ ಮಾರ್ಚ್ 17. ಕಾರು ಹುಟ್ಟಿ ಒಂದು ವರ್ಷದ ಮೇಲೆ ಎರಕ ಹೊಯ್ದ ಬ್ಲಾಕ್. ಬ್ಲಾಕಿನ ಹಿಂಭಾಗದಲ್ಲಿ, ಗೇರ್‌ಬಾಕ್ಸ್ ಸೇರುವ ಜಾಗದ ಮೇಲೆ, ಕಾರಿನ ನಂಬರ್ ಹೊಡೆದಿರಬೇಕು. ಕ್ಯಾಮೆರಾ ತೂರಿಸಿ, ಕನ್ನಡಿ ಹಿಡಿದು ನೋಡಿದೆವು. ಖಾಲಿ. ಉಜ್ಜಿ ಅಳಿಸಿದ್ದಲ್ಲ, ಎರಕದ ಒರಟು ಹಾಗೇ ಇತ್ತು. ಅಲ್ಲಿ ಯಾರೂ ಎಂದೂ ಏನೂ ಹೊಡೆದಿರಲಿಲ್ಲ.

ಈಗ ಇನ್ನೊಂದು ಅನುಮಾನ. ಇದು 428 ಹೌದಾ? ಫೋರ್ಡ್‌ನ 390, 428 ಎರಡೂ ಒಂದೇ ಕುಟುಂಬದವು. ಹೊರಗಿನಿಂದ ನೋಡಿದರೆ ಅವಳಿ ಮಕ್ಕಳ ಹಾಗೆ. ಟ್ರಕ್ಕಿನಿಂದ ತೆಗೆದ 390 ಬ್ಲಾಕಿಗೆ ಕೋಬ್ರಾ ಜೆಟ್ ಹೆಡ್ ಹಾಕಿದ್ದರೆ? ಇದಕ್ಕೆ ರಾಯರ ಬಳಿ ಹಳೇ ಉಪಾಯ ಇತ್ತು. ಮೊದಲ ಸಿಲಿಂಡರಿನ ಪ್ಲಗ್ ಬಿಚ್ಚಿ ಒಂದು ಸಣ್ಣ ಮರದ ಕಡ್ಡಿ ಇಳಿಸಿದರು. ನಾನು ಕ್ರ್ಯಾಂಕನ್ನು ಕೈಯಲ್ಲೇ ನಿಧಾನಕ್ಕೆ ತಿರುಗಿಸಿದೆ. ಪಿಸ್ಟನ್ ಅತಿ ಮೇಲೆ ಬಂದಾಗ ಒಂದು ಗೆರೆ, ಅತಿ ಕೆಳಗೆ ಹೋದಾಗ ಇನ್ನೊಂದು ಗೆರೆ. ಆ ಎರಡು ಗೆರೆಗಳ ಅಂತರವೇ ಸ್ಟ್ರೋಕ್. 390ರ ಸ್ಟ್ರೋಕ್ 3.78 ಇಂಚು. 428ರದ್ದು 3.98. ಅಂತರ ಐದು ಮಿಲಿಮೀಟರ್. ಪ್ಲಗ್ ತೂತು ಓರೆಯಾಗಿರುವುದರಿಂದ ಕಡ್ಡಿ ವಾಲದಂತೆ ಹಿಡಿಯಬೇಕು. ನಾಲ್ಕು ಸಲ ಅಳೆದೆವು. ನಾಲ್ಕು ಸಲವೂ ನಾಲ್ಕು ಇಂಚಿಗೆ ಕೂದಲೆಳೆಯಷ್ಟು ಕಡಿಮೆ. 428 ಹೌದು. ಆದರೆ ಈ ಕಾರಿನ ಜೊತೆ ಹುಟ್ಟಿದ 428 ಅಲ್ಲ.

ಆಕೆ ಜಾಹೀರಾತಿನಲ್ಲಿ "ಮೂಲ ಎಂಜಿನ್" ಅಂತ ಬರೆದಿದ್ದರು. ಅಡುಗೆಮನೆಯ ಮೇಜಿನ ಮುಂದೆ ಕೂತು ನಾನು ವಿಷಯ ಹೇಳಿದೆ. ಕಷ್ಟವಾಯಿತು. ಆಕೆಯ ಮುಖ ಕೆಂಪಾಯಿತು. "ನಮ್ಮಣ್ಣ ಸುಳ್ಳು ಹೇಳೋನಲ್ಲ" ಅಂದರು. ನಾನು ಅಚ್ಚು, ಫೋಟೋ, ದಿನಾಂಕದ ಲೆಕ್ಕ ಎಲ್ಲ ಮುಂದಿಟ್ಟು, ಅಣ್ಣ ಸುಳ್ಳು ಹೇಳಿದ್ದಾರೆ ಅಂತ ಅಲ್ಲ, ಅವರು ಕೊಳ್ಳುವ ಮುಂಚೆಯೇ ಏನೋ ಆಗಿದೆ ಅಂದೆ. ಆಕೆ ತುಂಬಾ ಹೊತ್ತು ಆ ಪೆನ್ಸಿಲ್ ಅಚ್ಚನ್ನೇ ನೋಡಿದರು. ಆಮೇಲೆ ಎದ್ದು ಹೋಗಿ ಒಂದು ಬಿಸ್ಕತ್ ಡಬ್ಬ ತಂದರು. ಅಣ್ಣನ ಕಾರಿನ ಕಾಗದಗಳು. ಪೆಟ್ರೋಲ್ ಲೆಕ್ಕ, ಟೈರ್ ಬಿಲ್ಲು, ಇನ್ಶೂರೆನ್ಸ್. ತಳದಲ್ಲಿ, ಮೊದಲ ಮಾಲೀಕರಿಂದ ಬಂದ ಲಕೋಟೆ. ಅದರೊಳಗೆ 1970ರ ಜೂನ್ ತಿಂಗಳ ಒಂದು ಗುಲಾಬಿ ಬಣ್ಣದ ಬಿಲ್ಲು. ಶಾರ್ಟ್ ಬ್ಲಾಕ್ (ಹೆಡ್ ಬಿಟ್ಟು ಎಂಜಿನ್ನಿನ ಕೆಳಭಾಗ) ಬದಲಾವಣೆ, ವಾರಂಟಿಯಲ್ಲಿ, ಗ್ರಾಹಕರು ಕೊಡಬೇಕಾದ್ದು ಸೊನ್ನೆ. ಬಿಲ್ಲಿನ ಮೇಲೆ ಕಾರಿನ ನಂಬರ್ ಇತ್ತು. ಮೇಲೆ ಇದ್ದ ಡೀಲರ್ ಹೆಸರು ಮಾರ್ಟಿ ರಿಪೋರ್ಟ್‌ನಲ್ಲಿದ್ದ ಅದೇ ಹೆಸರು.

ರಾಯರು ಬಿಲ್ಲನ್ನು ಎರಡು ಸಲ ಓದಿ ಮೇಜಿನ ಮೇಲಿಟ್ಟರು. ಮಾರ್ಚ್‌ನಲ್ಲಿ ಎರಕ ಹೊಯ್ದ ಬ್ಲಾಕ್, ಜೂನ್‌ನಲ್ಲಿ ಕಾರಿಗೆ. ಹಳೇ ಹೆಡ್ಡುಗಳನ್ನೇ ಮತ್ತೆ ಹಾಕಿದ್ದಾರೆ, ಅದಕ್ಕೇ ಅವು ಜನವರಿ 1969. ಕಂಪನಿಯಿಂದ ಬಿಡಿ ಭಾಗವಾಗಿ ಬಂದ ಬ್ಲಾಕಿಗೆ ಕಾರಿನ ನಂಬರ್ ಇರುವುದಿಲ್ಲ, ಅದಕ್ಕೇ ಹಿಂದೆ ಖಾಲಿ. ಬೆಳಗ್ಗಿನಿಂದ ಕಂಡದ್ದೆಲ್ಲ ಒಂದಕ್ಕೊಂದು ಕೂಡಿಕೊಂಡಿತು. ನಂಬರ್ ಸರಿಹೊಂದುವ ಎಂಜಿನ್ ಇದ್ದು ಯಾವ ಕಾಗದವೂ ಇಲ್ಲದ ಕಾರಿಗಿಂತ, ಎಂಜಿನ್ ಯಾಕೆ ಬದಲಾಯಿತು ಅಂತ ತಾನೇ ಹೇಳಬಲ್ಲ ಈ ಕಾರು ನನಗೆ ಹೆಚ್ಚು ಅನ್ನಿಸಿತು. ಮಾರುಕಟ್ಟೆ ಹಾಗೆ ಬೆಲೆ ಕಟ್ಟುವುದಿಲ್ಲ, ಅದೂ ಗೊತ್ತು. ಹುಟ್ಟು ಎಂಜಿನ್ ಇಲ್ಲ ಅಂದರೆ ಬೆಲೆ ಇಳಿಯುತ್ತದೆ.

ಎಷ್ಟು ಕೊಡಬಲ್ಲೆ ಅಂತ ಹೇಳಿ ಬಂದೆ. ಆತುರ ಬೇಡ, ಬೇರೆಯವರಿಗೂ ತೋರಿಸಿ ಅಂದೆ. ಅವರು ಇಬ್ಬರಿಗೆ ತೋರಿಸಿದರಂತೆ. ಹದಿನೇಳನೇ ದಿನ ಫೋನ್ ಬಂತು. "ಮಡ್‌ಗಾರ್ಡ್ ಎತ್ತಿ ನೋಡಿದ್ದು ನೀವೊಬ್ಬರೇ" ಅಂದರು.

ದುಡ್ಡು ಕೊಡುವ ದಿನ ಮಾಲೀಕತ್ವದ ಕಾಗದ, ಡ್ಯಾಶ್‌ಬೋರ್ಡ್ ತಗಡು, ಬಾಗಿಲಿನ ತಗಡು, ನನ್ನ ಅಚ್ಚು ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಒಂದೊಂದೇ ಅಕ್ಷರ ಇಬ್ಬರೂ ಗಟ್ಟಿಯಾಗಿ ಓದಿದೆವು. ಕಾಗದದಲ್ಲಿ ಒಂದು ಅಂಕಿ ತಪ್ಪಿದ್ದರೂ ಆಮೇಲೆ ಹೆಸರು ವರ್ಗಾವಣೆಗೆ ತಿಂಗಳುಗಟ್ಟಲೆ ಅಲೆದಾಟ. ಮಿಷಿಗನ್‌ನಲ್ಲಿ ಈ ಕೆಲಸ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಲ್ಲಿ ಆಗುತ್ತದೆ. ಅಲ್ಲಿ ಅರ್ಧ ಗಂಟೆಯಲ್ಲಿ ಮುಗಿಯಿತು. ಕಾರು ಟ್ರೇಲರ್ ಮೇಲೆ ಮನೆಗೆ ಬಂತು.

ನೆಲದ ತಗಡು ಬದಲಿಸಲು ಹಿಂದಿನ ಸೀಟು ಎತ್ತಿದಾಗ ಸ್ಪ್ರಿಂಗುಗಳ ಮಧ್ಯೆ ಕಾರ್ಖಾನೆಯ ಬಿಲ್ಡ್ ಶೀಟ್ ಸಿಕ್ಕಿತು. ಅಸೆಂಬ್ಲಿ ಸಾಲಿನಲ್ಲಿ ಯಾವ ಕಾರಿಗೆ ಏನು ಹಾಕಬೇಕು ಅಂತ ಕೆಲಸಗಾರರಿಗೆ ಹೇಳುವ ಹಾಳೆ. ಇಲಿ ಅರ್ಧ ತಿಂದಿತ್ತು. ಸರಣಿ ಸಂಖ್ಯೆ ಇರುವ ಸಾಲು ಉಳಿದಿತ್ತು. ಅದನ್ನು ಈಗ ಗಾಜಿನ ಚೌಕಟ್ಟಿನಲ್ಲಿ ಇಟ್ಟಿದ್ದೇನೆ. ಬಣ್ಣ ಮತ್ತೆ ಬ್ಲ್ಯಾಕ್ ಜೇಡ್ ಮಾಡಿಸುತ್ತಿದ್ದೇನೆ. ಬ್ಲಾಕಿನ ಹಿಂಭಾಗವನ್ನು ಮಾತ್ರ ಹಾಗೇ ಖಾಲಿ ಬಿಡುತ್ತೇನೆ. ಅಲ್ಲಿ ನಂಬರ್ ಹೊಡೆಸಿಬಿಡಿ, ಯಾರಿಗೂ ಗೊತ್ತಾಗಲ್ಲ ಅಂತ ಒಬ್ಬರು ಹೇಳಿದರು. ಅವರ ಹತ್ತಿರ ಮತ್ತೆ ಕೆಲಸ ಮಾಡಿಸಿಲ್ಲ.

ಆ ಶನಿವಾರ ಮಡ್‌ಗಾರ್ಡ್ ಅಡಿಯಿಂದ ನಾನು ಎರಡು ಅಚ್ಚು ತೆಗೆದಿದ್ದೆ. ಒಂದು ಕಾರಿನ ಫೈಲಿನಲ್ಲಿದೆ. ಇನ್ನೊಂದನ್ನು ಲಕೋಟೆಯಲ್ಲಿಟ್ಟು ಹಾಸನಕ್ಕೆ ಕಳಿಸಿದೆ. ಅಪ್ಪ ಗ್ಯಾರೇಜ್ ಮುಚ್ಚಿ ಹನ್ನೆರಡು ವರ್ಷ ಆಯಿತು. ವಿಡಿಯೋ ಕಾಲ್ ಮಾಡಿದಾಗ ಹಳೇ ನೋಟ್‌ಬುಕ್ ತೊಡೆ ಮೇಲಿಟ್ಟುಕೊಂಡು ಕೂತಿದ್ದರು. ಕೊನೆಯ ಪದ್ಮಿನಿಯ ಅಚ್ಚಿನ ಪಕ್ಕದ ಪುಟದಲ್ಲಿ ನನ್ನ ಕಾಗದ ಅಂಟಿಸಿ, ಅಮ್ಮನ ಕೈಲಿ ಫೋನ್ ಕೊಟ್ಟು, ಅದರ ಕೆಳಗೆ ದಿನಾಂಕ ಬರೆಯುತ್ತಿದ್ದರು.